ನೆರೆಯ ಗೆಲಾಕ್ಸಿಗಳ ಆಕಾರ ಮತ್ತು ಕಾಣದ ದ್ರವ್ಯ

ನಕ್ಷತ್ರಗಳು, ಅನಿಲ ಮತ್ತು ಧೂಳು ಪರಸ್ಪರ ಗುರುತ್ವಾಕರ್ಷಣೆಯಿಂದ ಒಂದಾಗಿ ನಿಂತಿರುವ ಬೃಹತ್ ಸಮೂಹಕ್ಕೆ ಗೆಲಾಕ್ಸಿ ಎಂದು ಹೆಸರು. ಸೂರ್ಯನೂ ಸೇರಿದಂತೆ ಹತ್ತು ಸಾವಿರ ಕೋಟಿಗೂ ಹೆಚ್ಚು ನಕ್ಷತ್ರಗಳಿರುವ ಆಕಾಶಗಂಗೆಯೂ ಅಂಥದೊಂದು ಸಮೂಹವೇ. ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ಸುಮಾರು 9.5 ಲಕ್ಷ ಕೋಟಿ ಕಿಲೋಮೀಟರ್ ದೂರವನ್ನು ಒಂದು ಜ್ಯೋತಿರ್ವರ್ಷವೆಂದು ಎಣಿಸಿದರೆ, ಇಂದಿನ ದೂರದರ್ಶಕಗಳಿಗೆ ಸಾವಿರ ಕೋಟಿ ಜ್ಯೋತಿರ್ವರ್ಷಗಳಿಗೂ ಆಚೆಗಿನ ಗೆಲಾಕ್ಸಿಗಳು ಕಾಣಿಸುತ್ತವೆಯಾದರೂ, ಅಷ್ಟು ದೂರದವುಗಳಲ್ಲಿ ಹೆಚ್ಚಿನವು ಮಸುಕಾದ ಬೆಳಕಿನ ಕಲೆಗಳಾಗಿಯೇ ಉಳಿಯುತ್ತವೆ. ಒಂದು ಗೆಲಾಕ್ಸಿಯ ಯಾವ ಭಾಗ ಎಷ್ಟು ವೇಗದಲ್ಲಿ ತಿರುಗುತ್ತಿದೆ, ಅದರ ಅನಿಲದ ಪದರ ಎಲ್ಲಿ ತೆಳು ಎಲ್ಲಿ ದಪ್ಪ, ಅದರ ಒಂದೊಂದು ನಕ್ಷತ್ರವೂ ಹೇಗೆ ಚಲಿಸುತ್ತಿದೆ ಎಂಬ ಪ್ರಶ್ನೆಗಳನ್ನು ಕೇಳಿ ಉತ್ತರ ಪಡೆಯಲು ಸಾಧ್ಯವಿರುವುದು ನೆರೆಯ ಗೆಲಾಕ್ಸಿಗಳಲ್ಲಿ, ಎಂದರೆ ಐದಾರು ಕೋಟಿ ಜ್ಯೋತಿರ್ವರ್ಷಗಳ ಒಳಗಿರುವವುಗಳಲ್ಲಿ. ವಿಶ್ವದ ದ್ರವ್ಯದಲ್ಲಿ ಆರರಲ್ಲಿ ಐದು ಪಾಲು ಬೆಳಕನ್ನು ಬೀರದ, ಹೀರದ, ಚದುರಿಸದ ಕಪ್ಪುದ್ರವ್ಯವೆಂಬ ತೀರ್ಮಾನವನ್ನು ಸಾಮಾನ್ಯವಾಗಿ ಇಡೀ ವಿಶ್ವದ ಲೆಕ್ಕಾಚಾರವಾಗಿ ಹೇಳಲಾಗುತ್ತದೆ. ಆದರೆ ಆ ತೀರ್ಮಾನವನ್ನು ಅನಿವಾರ್ಯಗೊಳಿಸಿದ ಸಾಕ್ಷ್ಯದ ಬಹುಭಾಗ ದೊರೆತದ್ದು ಈ ನೆರೆಹೊರೆಯಲ್ಲಿ. ಅದಕ್ಕೆ ಎದುರಾಗಿ ನಿಂತಿರುವ ಕಠಿಣವಾದ ತೊಡಕುಗಳು ಕಾಣಿಸಿರುವುದೂ ಇಲ್ಲಿಯೇ. ಕಪ್ಪುದ್ರವ್ಯ ಎಷ್ಟಿದೆ ಎಂಬ ಪ್ರಶ್ನೆಯಷ್ಟೇ ಮಹತ್ವ ಅದು ಯಾವ ಆಕಾರದಲ್ಲಿ ಹರಡಿದೆ ಎಂಬ ಪ್ರಶ್ನೆಗೂ ಇದೆ ಎಂಬುದು ಈ ಉಪನ್ಯಾಸದ ಮುಖ್ಯ ಪ್ರತಿಪಾದನೆ.

ನೆರೆಯ ದೊಡ್ಡ ಗೆಲಾಕ್ಸಿಗಳಲ್ಲಿ ಮೊದಲನೆಯದು ದೇವಯಾನಿ ನಕ್ಷತ್ರಪುಂಜದ ದಿಕ್ಕಿನಲ್ಲಿ ಕಾಣುವ, ಖಗೋಳಜ್ಞರು ಎಂ31 ಎಂದು ಪಟ್ಟಿಮಾಡಿರುವ ದೇವಯಾನಿ ಗೆಲಾಕ್ಸಿ. ಊರಿನ ದೀಪಗಳಿಂದ ದೂರವಿರುವ ಸ್ಥಳದಿಂದ, ಚಂದ್ರನಿಲ್ಲದ ರಾತ್ರಿಯಲ್ಲಿ ಬರಿಗಣ್ಣಿಗೇ ಕಾಣುವ ಈ ಮಂಜಿನ ಚುಕ್ಕೆಯನ್ನು ಪರ್ಷಿಯಾದ ಅಲ್ ಸೂಫಿ 964ರ ಸುಮಾರಿಗೆ ತನ್ನ ನಕ್ಷತ್ರಗ್ರಂಥದಲ್ಲಿ ಚಿಕ್ಕ ಮೋಡವೆಂದು ದಾಖಲಿಸಿದ್ದನು. ಅದು ಆಕಾಶಗಂಗೆಯೊಳಗಿನ ಅನಿಲದ ಮೋಡವೋ ಅಥವಾ ಪ್ರತ್ಯೇಕವಾದ ನಕ್ಷತ್ರಲೋಕವೋ ಎಂಬ ವಿವಾದ 1920ರ ದಶಕದವರೆಗೂ ಇತ್ಯರ್ಥವಾಗಿರಲಿಲ್ಲ. ಹೆನ್ರಿಯೆಟಾ ಲೆವಿಟ್ ಅವರು ಕಿರಿಯ ಮೆಗಲನ್ ಮೋಡವೆಂಬ ನೆರೆಯ ಗೆಲಾಕ್ಸಿಯ ಛಾಯಾಚಿತ್ರಗಳನ್ನು ಅಭ್ಯಸಿಸಿ, ಸಿಫೀಡ್ ಎಂಬ ವರ್ಗದ ನಕ್ಷತ್ರಗಳಲ್ಲಿ ಬೆಳಕು ಏರಿಳಿಯುವ ಅವಧಿ ದೀರ್ಘವಾದಷ್ಟೂ ಅವುಗಳ ನಿಜವಾದ ಪ್ರಕಾಶ ಹೆಚ್ಚು ಎಂಬ ನಿಯಮವನ್ನು 1912ರಲ್ಲಿ ಖಚಿತವಾಗಿ ಮಂಡಿಸಿದ್ದರು. ಅವಧಿಯನ್ನು ಅಳೆದರೆ ನಿಜಪ್ರಕಾಶ ತಿಳಿಯುತ್ತದೆ, ನಿಜಪ್ರಕಾಶವನ್ನು ತೋರಿಕೆಯ ಪ್ರಕಾಶದೊಂದಿಗೆ ಹೋಲಿಸಿದರೆ ದೂರ ತಿಳಿಯುತ್ತದೆ. 1923ರ ಅಕ್ಟೋಬರ್‌ನಲ್ಲಿ ಎಡ್ವಿನ್ ಹಬಲ್ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ವೀಕ್ಷಣಾಲಯದ 100 ಇಂಚಿನ ದೂರದರ್ಶಕದಿಂದ ದೇವಯಾನಿಯಲ್ಲಿ ಅಂಥದೊಂದು ನಕ್ಷತ್ರವನ್ನು ಗುರುತಿಸಿದಾಗ ಆ ವಿವಾದ ಮುಗಿಯಿತು. ಹಬಲ್ ಪಡೆದ ದೂರ ಸುಮಾರು ಒಂಬತ್ತು ಲಕ್ಷ ಜ್ಯೋತಿರ್ವರ್ಷ. ಸಿಫೀಡ್‌ಗಳಲ್ಲಿ ಎರಡು ಬಗೆಗಳಿವೆಯೆಂದು ವಾಲ್ಟರ್ ಬಾಡೆ ತೋರಿಸಿದ ಬಳಿಕ ಅದು ತಿದ್ದುಪಡಿಯಾಗಿ, ಇಂದು ಒಪ್ಪಿತವಾಗಿರುವ ಮೌಲ್ಯ ಸುಮಾರು 25 ಲಕ್ಷ ಜ್ಯೋತಿರ್ವರ್ಷ.

ಗೆಲಾಕ್ಸಿಗಳಿಗೆ ಆಕಾರವಿದೆಯೆಂಬುದು ದೂರ ತಿಳಿಯುವ ಮೊದಲೇ ತಿಳಿದಿತ್ತು. ಐರ್ಲೆಂಡಿನ ಬರ್ ಎಂಬಲ್ಲಿ 72 ಇಂಚಿನ ದೂರದರ್ಶಕವನ್ನು ಕಟ್ಟಿಸಿದ ಲಾರ್ಡ್ ರಾಸ್ 1845ರಲ್ಲಿ ಎಂ51 ಎಂಬ ನೀಹಾರಿಕೆಯ ಸುರುಳಿಯಾಕಾರವನ್ನು ಕಣ್ಣಿನಿಂದಲೇ ಕಂಡು ಚಿತ್ರಿಸಿದ್ದನು. ಹಬಲ್ 1926ರಲ್ಲಿ ಪ್ರಕಟಿಸಿ 1936ರ ಗ್ರಂಥದಲ್ಲಿ ಪೂರ್ಣಗೊಳಿಸಿದ ವರ್ಗೀಕರಣವು ಗೆಲಾಕ್ಸಿಗಳನ್ನು ದೀರ್ಘವೃತ್ತೀಯ, ಮಸೂರಾಕಾರದ, ಸುರುಳಿಯಾಕಾರದ ಮತ್ತು ಅನಿಯತ ಎಂದು ವಿಂಗಡಿಸಿ, ಸುರುಳಿಗಳಲ್ಲಿ ನಡುವೆ ನಕ್ಷತ್ರಗಳ ನೇರವಾದ ದಂಡವಿರುವವು ಮತ್ತು ಇಲ್ಲದವು ಎಂದು ಎರಡು ಕವಲುಗಳನ್ನು ಮಾಡಿತು. ಈ ಎಲ್ಲ ಬಗೆಗಳಿಗೂ ಮಾದರಿಗಳು ಹತ್ತಿರದಲ್ಲಿಯೇ ಇವೆ: ದೇವಯಾನಿ ಮತ್ತು ತ್ರಿಕೋನ ಪುಂಜದ ಎಂ33 ಸುರುಳಿಗಳು, ದೇವಯಾನಿಯ ಸಂಗಾತಿಯಾದ ಎಂ32 ದೀರ್ಘವೃತ್ತೀಯ, ದಕ್ಷಿಣದ ಆಕಾಶದ ಎರಡು ಮೆಗಲನ್ ಮೋಡಗಳು ಅನಿಯತಕ್ಕೆ ಹತ್ತಿರದವು, ಆಕಾಶಗಂಗೆಯಾದರೋ ದಂಡವಿರುವ ಸುರುಳಿ.

ಒಂದು ಗೆಲಾಕ್ಸಿ ವಯಸ್ಸಾದಂತೆ ಹಬಲ್‌ನ ಪಟ್ಟಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗುತ್ತದೆಂಬ ಭಾವನೆ ದೀರ್ಘಕಾಲ ಪ್ರಚಲಿತವಾಗಿತ್ತು; ಅದು ಸರಿಯಲ್ಲ. ಗೆಲಾಕ್ಸಿಯ ಆಕಾರ ಅದರೊಳಗಿನ ಚಲನೆಯ ದಾಖಲೆ. ತಟ್ಟೆಯಂತೆ ಚಪ್ಪಟೆಯಾದ ಸುರುಳಿಯ ಫಲಕದಲ್ಲಿ ನಕ್ಷತ್ರಗಳೂ ಅನಿಲವೂ ಒಂದೇ ದಿಕ್ಕಿಗೆ, ಒಂದೇ ಸಮತಲದಲ್ಲಿ, ಬಹುಮಟ್ಟಿಗೆ ವರ್ತುಲ ಕಕ್ಷೆಗಳಲ್ಲಿ ಸುತ್ತುತ್ತವೆ. ದೀರ್ಘವೃತ್ತೀಯ ಗೆಲಾಕ್ಸಿಗಳೂ ಹೀಗೆ ತಿರುಗುವುದರಿಂದಲೇ ಚಪ್ಪಟೆಯಾಗಿವೆಯೆಂದು ನಂಬಲಾಗಿತ್ತಾದರೂ, 1970ರ ದಶಕದ ನಡುಭಾಗದಲ್ಲಿ ಬೆರ್ಟೋಲಾ ಮತ್ತು ಕಪಾಚೊಲಿ, ಬಳಿಕ ಇಲಿಂಗ್‌ವರ್ತ್ ನಡೆಸಿದ ಅಳತೆಗಳಿಂದ ದೊಡ್ಡ ದೀರ್ಘವೃತ್ತೀಯಗಳು ಅಷ್ಟು ವೇಗವಾಗಿ ತಿರುಗುತ್ತಲೇ ಇಲ್ಲವೆಂದು ತಿಳಿದುಬಂದಿತು. ಅವುಗಳ ಆಕಾರವನ್ನು ಎತ್ತಿಹಿಡಿದಿರುವುದು ಬೇರೆಬೇರೆ ದಿಕ್ಕುಗಳಲ್ಲಿ ಬೇರೆಬೇರೆ ಪ್ರಮಾಣದಲ್ಲಿ ಅಡ್ಡಾದಿಡ್ಡಿಯಾಗಿ ಸಾಗುವ ನಕ್ಷತ್ರಗಳ ಚಲನೆ. ಅಲಾರ್ ಟೂಮ್ರೆ ಮತ್ತು ಯೂರಿ ಟೂಮ್ರೆ ಸಹೋದರರು 1972ರಲ್ಲಿ ಗಣಕಯಂತ್ರದ ನೆರವಿನಿಂದ ತೋರಿಸಿದಂತೆ, ಎರಡು ಸುರುಳಿಗಳು ಹತ್ತಿರ ಹಾದಾಗ ಉದ್ದನೆಯ ಬಾಲಗಳು ಎಳೆಯಲ್ಪಡುತ್ತವೆ, ಕೊನೆಗೆ ಅವು ಕೂಡಿಕೊಂಡಾಗ ಕ್ರಮಬದ್ಧವಾದ ತಿರುಗುವಿಕೆ ಅಳಿದು ದೀರ್ಘವೃತ್ತೀಯದಂಥ ರಚನೆ ಉಳಿಯಬಹುದು. ಇನ್ನು ಸುರುಳಿಯ ಬಾಹುಗಳ ವಿಷಯಕ್ಕೆ ಬಂದರೆ, ಒಳಗಿನ ಭಾಗ ಹೊರಗಿನದಕ್ಕಿಂತ ಬೇಗನೆ ಸುತ್ತು ಮುಗಿಸುವುದರಿಂದ ಬಾಹುಗಳು ನಿಜವಾದ ವಸ್ತುವಿನ ಎಳೆಗಳಾಗಿದ್ದರೆ ಕೆಲವೇ ಸುತ್ತುಗಳಲ್ಲಿ ಬಿಗಿಯಾಗಿ ಸುತ್ತಿಕೊಂಡು ಮಾಯವಾಗಬೇಕಿತ್ತು. ಅವು ವಸ್ತುವಲ್ಲ, ಫಲಕದಲ್ಲಿ ಚಲಿಸುವ ಸಾಂದ್ರತೆಯ ಅಲೆಗಳು ಎಂದು ಚಿಯಾ ಚಿಯಾವ್ ಲಿನ್ ಮತ್ತು ಫ್ರ್ಯಾಂಕ್ ಶು 1964ರಲ್ಲಿ ಪ್ರತಿಪಾದಿಸಿದರು.

ಚಲನೆಯನ್ನು ಅಳೆಯುವ ಉಪಾಯ ಡಾಪ್ಲರ್ ಪರಿಣಾಮ. ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ದೊರೆಯುವ ರೋಹಿತದಲ್ಲಿ ಪ್ರತಿಯೊಂದು ಮೂಲವಸ್ತುವಿನ ರೇಖೆಗೂ ಗೊತ್ತಾದ ಸ್ಥಾನವಿದೆ. ಹತ್ತಿರ ಬರುತ್ತಿರುವ ಆಕರದಲ್ಲಿ ಅದು ನೀಲಿಯ ಕಡೆಗೂ ದೂರ ಸರಿಯುತ್ತಿರುವುದರಲ್ಲಿ ಕೆಂಪಿನ ಕಡೆಗೂ ಜರುಗುತ್ತದೆ. ವೆಸ್ಟೊ ಸ್ಲೈಫರ್ 1912ರಲ್ಲಿ ದೇವಯಾನಿಯು ಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ಸೂರ್ಯನ ಕಡೆಗೆ ಬರುತ್ತಿದೆಯೆಂದು ಈ ವಿಧಾನದಿಂದ ಅಳೆದನು. ಫಲಕದ ಒಂದು ಪಾರ್ಶ್ವ ಇನ್ನೊಂದಕ್ಕಿಂತ ವೇಗವಾಗಿ ಬರುತ್ತಿದ್ದರೆ ಅದು ತಿರುಗುತ್ತಿದೆಯೆಂದೇ ಅರ್ಥ. ಇದನ್ನು ದೇವಯಾನಿಯಲ್ಲಿ ಅಳೆಯಲು ಫ್ರಾನ್ಸಿಸ್ ಪೀಸ್ ಒಂದೊಂದು ಛಾಯಾಫಲಕಕ್ಕೂ ಹಲವು ವಾರಗಳ ರಾತ್ರಿಗಳನ್ನು ಕೂಡಿಸಿ ಸುಮಾರು 80 ಗಂಟೆಗಳ ಕಾಲ ಬೆಳಕನ್ನು ಸಂಗ್ರಹಿಸಬೇಕಾಯಿತು ಎಂಬುದು 1918ರ ಆಸುಪಾಸಿನಲ್ಲಿ ಈ ಕೆಲಸ ಎಷ್ಟು ತಾಳ್ಮೆಯನ್ನು ಬೇಡುತ್ತಿತ್ತೆಂಬುದಕ್ಕೆ ಸಾಕ್ಷಿ. 1939ರಲ್ಲಿ ಹೊರೇಸ್ ಬ್ಯಾಬ್‌ಕಾಕ್ ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ಅಳತೆಯನ್ನು ಇನ್ನೂ ಹೊರಗೆ ಒಯ್ದು, ದೇವಯಾನಿಯ ಹೊರಭಾಗ ಅಲ್ಲಿನ ಬೆಳಕಿನಿಂದ ಊಹಿಸಬಹುದಾದುದಕ್ಕಿಂತ ಬಹಳ ವೇಗವಾಗಿ ತಿರುಗುತ್ತಿದೆಯೆಂದು ಕಂಡನು. ಹೊರಭಾಗದ ಬೆಳಕು ಧೂಳಿನಲ್ಲಿ ಹೀರಲ್ಪಡುತ್ತಿರಬಹುದು, ಇಲ್ಲವೇ ಚಲನಶಾಸ್ತ್ರದ ಹೊಸ ಪರಿಗಣನೆಗಳು ಬೇಕಾಗಬಹುದು ಎಂಬ ಎರಡು ದಾರಿಗಳನ್ನು ಅವನು ತೆರೆದಿಟ್ಟನು. ಮರುವರ್ಷ ಯಾನ್ ಊರ್ಟ್ ಎನ್‌ಜಿಸಿ 3115 ಎಂಬ ಮಸೂರಾಕಾರದ ಗೆಲಾಕ್ಸಿಯಲ್ಲಿ ಬೆಳಕಿನ ಹಂಚಿಕೆಗೂ ದ್ರವ್ಯದ ಹಂಚಿಕೆಗೂ ತಾಳೆಯಾಗುವುದಿಲ್ಲವೆಂದು ಬರೆದನು. ಈ ಎರಡೂ ಫಲಿತಾಂಶಗಳು ಮೂರು ದಶಕಗಳ ಕಾಲ ಹೆಚ್ಚಿನ ಗಮನ ಪಡೆಯದೆ ಉಳಿದವು.

ವೇಗದಿಂದ ದ್ರವ್ಯರಾಶಿಯನ್ನು ತಿಳಿಯುವ ತತ್ತ್ವ ನ್ಯೂಟನ್ನನ ಕಾಲದ್ದು. ಸೌರವ್ಯೂಹದಲ್ಲಿ ಬಹುತೇಕ ದ್ರವ್ಯವೆಲ್ಲವೂ ನಡುವಿನ ಸೂರ್ಯನಲ್ಲಿಯೇ ಇರುವುದರಿಂದ, ಬುಧ ಸೆಕೆಂಡಿಗೆ 47 ಕಿಲೋಮೀಟರ್, ಭೂಮಿ 30, ಗುರು 13, ನೆಪ್ಚೂನ್ ಐದೂವರೆಗಿಂತ ಸ್ವಲ್ಪ ಕಡಿಮೆ ವೇಗದಲ್ಲಿ ಸುತ್ತುತ್ತವೆ. ದೂರ ಹೆಚ್ಚಿದಂತೆ ವೇಗ ದೂರದ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯುತ್ತದೆ. ಗೆಲಾಕ್ಸಿಯ ನಕ್ಷತ್ರಗಳ ಬೆಳಕೂ ನಡುವೆ ದಟ್ಟವಾಗಿದ್ದು ಹೊರಗೆ ಬೇಗನೆ ತೆಳುವಾಗುವುದರಿಂದ, ಅಂಚಿನಿಂದಾಚೆಗೆ ವೇಗ ಹೀಗೆಯೇ ಇಳಿಯಬೇಕೆಂಬುದು ನಿರೀಕ್ಷೆ. ವೇಗ ಇಳಿಯದೆ ಸಮನಾಗಿ ಉಳಿದರೆ, ಕೇಂದ್ರದಿಂದ ಎರಡರಷ್ಟು ದೂರ ಹೋದಾಗ ಒಳಗೆ ಸೇರಿರುವ ದ್ರವ್ಯವೂ ಎರಡರಷ್ಟಾಗಿದೆಯೆಂದೂ, ಬೆಳಕು ಮುಗಿದ ಮೇಲೂ ದ್ರವ್ಯ ಮುಗಿದಿಲ್ಲವೆಂದೂ ಒಪ್ಪಬೇಕಾಗುತ್ತದೆ.

ವಾಷಿಂಗ್ಟನ್‌ನ ಕಾರ್ನೆಗೀ ಸಂಸ್ಥೆಯ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ 1970ರಲ್ಲಿ ಪ್ರಕಟಿಸಿದ ದೇವಯಾನಿಯ ಅಧ್ಯಯನ ಈ ಚರಿತ್ರೆಯ ನಡುಗಂಬ. ಮಸುಕಾದ ಬೆಳಕನ್ನು ವಿದ್ಯುನ್ಮಾನವಾಗಿ ವರ್ಧಿಸುವ ಬಿಂಬನಳಿಕೆಯನ್ನು ಫೋರ್ಡ್ ರೋಹಿತದರ್ಶಕಕ್ಕೆ ಅಳವಡಿಸಿದ್ದರಿಂದ ಹಿಂದೆ ಹತ್ತಾರು ಗಂಟೆ ಹಿಡಿಯುತ್ತಿದ್ದ ಅಳತೆ ಬಹಳ ಬೇಗ ಮುಗಿಯುತ್ತಿತ್ತು. ಎಳೆಯ, ಬಿಸಿಯಾದ ನಕ್ಷತ್ರಗಳು ಸುತ್ತಲಿನ ಜಲಜನಕವನ್ನು ಹೊಳೆಯಿಸುವ 67 ಪ್ರದೇಶಗಳ ವೇಗವನ್ನು ಅವರು ಒಂದೊಂದಾಗಿ ಅಳೆದರು. ಹೊರಗಿನ ಪ್ರದೇಶಗಳಲ್ಲಿಯೂ ವೇಗ ನಿರೀಕ್ಷಿಸಿದಂತೆ ಕುಸಿಯಲಿಲ್ಲ. ಅದೇ ವರ್ಷ ಆಸ್ಟ್ರೇಲಿಯಾದ ಕೆನ್ ಫ್ರೀಮನ್, ಎಂ33 ಮತ್ತು ಎನ್‌ಜಿಸಿ 300ರ ಆಗಿನ ರೇಡಿಯೋ ಅಳತೆಗಳು ಸರಿಯಾಗಿದ್ದರೆ ಅಲ್ಲಿ ಕಾಣುವಷ್ಟೇ ಪ್ರಮಾಣದ ಕಾಣದ ದ್ರವ್ಯವಿರಬೇಕೆಂದು ಸೂಚಿಸಿದರು.

ಕಪ್ಪುದ್ರವ್ಯದ ಕಥೆಯನ್ನು ಈ ಒಂದು ಅಧ್ಯಯನಕ್ಕೆ ಇಳಿಸಿ ಹೇಳುವ ರೂಢಿಯಿದೆ. ರೂಬಿನ್ ಅವರ ಕೆಲಸದ ಹಿರಿಮೆ ಪ್ರಶ್ನಾತೀತವಾದುದು. ಆದರೆ ಬೆಳಕಿನಿಂದ ಮಾಡುವ ಅಳತೆ ಬೆಳಕಿರುವ ತನಕ ಮಾತ್ರ ಹೋಗಬಲ್ಲುದು, ಅಲ್ಲಿಯವರೆಗಿನ ಸಮವೇಗವನ್ನು ನಕ್ಷತ್ರಗಳ ದ್ರವ್ಯದಿಂದಲೇ ವಿವರಿಸುವುದು ಅನೇಕ ಗೆಲಾಕ್ಸಿಗಳಲ್ಲಿ ಸಾಧ್ಯವೆಂದು ಆಗ್ರಿಸ್ ಕಾಲ್ನಾಯ್ಸ್ 1980ರ ದಶಕದ ಆರಂಭದಲ್ಲಿ ತೋರಿಸಿದುದನ್ನು ಮರೆಯುವಂತಿಲ್ಲ. ನಿರ್ಣಾಯಕವಾದ ಹೆಜ್ಜೆ ರೇಡಿಯೋ ಖಗೋಳವಿಜ್ಞಾನದ್ದು. ತಣ್ಣನೆಯ ಜಲಜನಕ ಪರಮಾಣು 21 ಸೆಂಟಿಮೀಟರ್ ತರಂಗದ ರೇಡಿಯೋ ಅಲೆಯನ್ನು ಹೊಮ್ಮಿಸಬಲ್ಲುದೆಂದು ಹಾಲೆಂಡಿನ ಹೆಂಡ್ರಿಕ್ ವಾನ್ ಡಿ ಹುಲ್ಸ್ಟ್ 1944ರಲ್ಲಿ ಊಹಿಸಿದ್ದನು, ಅದು 1951ರಲ್ಲಿ ಪತ್ತೆಯಾಯಿತು. ಈ ಅನಿಲ ನಕ್ಷತ್ರಗಳ ಫಲಕಕ್ಕಿಂತ ಬಹಳ ದೂರ ಹರಡಿರುತ್ತದೆ. ಮಾರ್ಟನ್ ರಾಬರ್ಟ್ಸ್ ಮತ್ತು ರಾಬರ್ಟ್ ವೈಟ್‌ಹರ್ಸ್ಟ್ 1975ರಲ್ಲಿ ದೇವಯಾನಿಯ ಅನಿಲವನ್ನು ಕೇಂದ್ರದಿಂದ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷದವರೆಗೂ ಹಿಂಬಾಲಿಸಿದರು, ಅಲ್ಲಿಯೂ ವೇಗ ಸೆಕೆಂಡಿಗೆ ಸುಮಾರು 200 ಕಿಲೋಮೀಟರ್‌ನಲ್ಲಿಯೇ ನಿಂತಿತ್ತು. 1978ರಲ್ಲಿ ಆಲ್ಬರ್ಟ್ ಬಾಸ್ಮಾ ಹಾಲೆಂಡಿನ ವೆಸ್ಟರ್‌ಬೋರ್ಕ್ ರೇಡಿಯೋ ದೂರದರ್ಶಕದಿಂದ ಹಲವು ನೆರೆಯ ಸುರುಳಿಗಳಲ್ಲಿ ಇದನ್ನೇ ತೋರಿಸಿದ ಮೇಲೆ, ಧೂಳು ಹೀರಿದ ಬೆಳಕೆಂಬ ಬ್ಯಾಬ್‌ಕಾಕ್‌ನ ಮೊದಲನೆಯ ದಾರಿ ಮುಚ್ಚಿಹೋಯಿತು.

ಇದರೊಂದಿಗೆ ಬೇರೆ ದಿಕ್ಕಿನಿಂದ ಬಂದ ವಾದಗಳೂ ಸೇರಿದವು. ಫ್ರಿಟ್ಜ್ ಜ್ವಿಕಿ 1933ರಲ್ಲಿಯೇ ಕೋಮಾ ಎಂಬ ಗೆಲಾಕ್ಸಿಗಳ ಗುಚ್ಛದಲ್ಲಿ, ಸದಸ್ಯರು ಚದುರಿಹೋಗದಂತೆ ಹಿಡಿದಿಡಲು ಕಾಣುವ ದ್ರವ್ಯ ಸಾಲದೆಂದು ಹೇಳಿದ್ದನು. 1973ರಲ್ಲಿ ಜೆರೆಮಿಯಾ ಓಸ್ಟ್ರೈಕರ್ ಮತ್ತು ಜೇಮ್ಸ್ ಪೀಬಲ್ಸ್ ಕೇಳಿದ ಪ್ರಶ್ನೆ ನೇರವಾಗಿ ಆಕಾರಕ್ಕೆ ಸಂಬಂಧಿಸಿದುದು: ತೆಳುವಾದ, ವೇಗವಾಗಿ ತಿರುಗುವ ನಕ್ಷತ್ರಗಳ ಫಲಕ ತನ್ನ ಗುರುತ್ವವೊಂದರಿಂದಲೇ ನಿಂತಿದ್ದರೆ ಕೆಲವೇ ಸುತ್ತುಗಳಲ್ಲಿ ಕದಡಿ ದಂಡವಾಗಿ ಬಿಡುತ್ತದೆಯೆಂದು ಗಣಕಯಂತ್ರದ ಮಾದರಿಗಳು ತೋರಿಸಿದುದರಿಂದ, ಇಷ್ಟೊಂದು ಸುರುಳಿಗಳು ತೆಳುವಾಗಿ ಉಳಿದಿರುವುದು ಹೇಗೆ? ಫಲಕವನ್ನು ಸುತ್ತುವರಿದು ಕಾಣದ ದ್ರವ್ಯದ ದುಂಡನೆಯ ಪ್ರಭಾವಳಿಯೊಂದಿದ್ದು ಅದು ಫಲಕವನ್ನು ಸ್ಥಿರಗೊಳಿಸುತ್ತಿದೆ ಎಂಬುದು ಅವರ ಉತ್ತರ. ಪ್ರಭಾವಳಿಯು ಫಲಕದಿಂದ ಕೋನೀಯ ಸಂವೇಗವನ್ನು ಹೀರಿ ದಂಡವನ್ನು ಬಲಪಡಿಸಲೂಬಹುದೆಂದು ಬಳಿಕ ತಿಳಿದುಬಂದಿರುವುದರಿಂದ ಆ ಉತ್ತರ ಈಗ ಅಷ್ಟು ಸರಳವಾಗಿ ಉಳಿದಿಲ್ಲ. ಆದರೆ ಕಾಣುವ ಆಕಾರ ಕಾಣದ ದ್ರವ್ಯಕ್ಕೆ ಋಣಿಯಾಗಿದೆಯೆಂಬ ಒಳನೋಟ ಅಳಿದಿಲ್ಲ.

ಪ್ರಭಾವಳಿಯ ಪ್ರಾಬಲ್ಯ ಹೆಚ್ಚು ಕಾಣುವುದು ಚಿಕ್ಕ ಗೆಲಾಕ್ಸಿಗಳಲ್ಲಿ. ಆಕಾಶಗಂಗೆಯ ಸುತ್ತ ಸುತ್ತುತ್ತಿರುವ, ಸುಮಾರು ಎರಡೂವರೆ ಲಕ್ಷ ಜ್ಯೋತಿರ್ವರ್ಷ ದೂರದ ಡ್ರೇಕೊ ಕುಬ್ಜ ಗೆಲಾಕ್ಸಿಯ ಮೂರೇ ಮೂರು ನಕ್ಷತ್ರಗಳ ವೇಗವನ್ನು ಅಳೆದು ಮಾರ್ಕ್ ಆರನ್ಸನ್ 1983ರಲ್ಲಿ, ಅಷ್ಟು ಮಸುಕಾದ ಗೆಲಾಕ್ಸಿಯಲ್ಲಿ ನಕ್ಷತ್ರಗಳ ವೇಗಗಳ ನಡುವಿನ ಅಂತರ ಹೆಚ್ಚಾಗಿರುವುದರಿಂದ ಅಲ್ಲಿ ಅಪಾರವಾದ ಕಾಣದ ದ್ರವ್ಯವಿರಬೇಕೆಂದು ಹೇಳಿದನು. ಮೂರು ನಕ್ಷತ್ರಗಳಿಂದ ಇಷ್ಟು ದೊಡ್ಡ ಮಾತೇ ಎಂಬ ಸಂದೇಹ ಸಹಜವಾಗಿತ್ತು, ಬಳಿಕ ನೂರಾರು ನಕ್ಷತ್ರಗಳ ಅಳತೆ ಆ ಮಾತನ್ನೇ ದೃಢಪಡಿಸಿತು. ಪುಣೆಯ ಬಳಿ ಖೋಡದ್‌ನಲ್ಲಿರುವ ದೈತ್ಯ ಮೀಟರ್ ತರಂಗ ರೇಡಿಯೋ ದೂರದರ್ಶಕದಿಂದ ಆಯೆಷಾ ಬೇಗಂ, ಜಯರಾಂ ಚೆಂಗಲೂರ್ ಮತ್ತು ಇಗೊರ್ ಕರಚೆಂಟ್ಸೆವ್ 2005ರಲ್ಲಿ ಪ್ರಕಟಿಸಿದ ಎನ್‌ಜಿಸಿ 3741ರ ಅಧ್ಯಯನ ಇದೇ ಸಾಲಿಗೆ ಸೇರಿದುದು: ಸುಮಾರು ಒಂದು ಕೋಟಿ ಜ್ಯೋತಿರ್ವರ್ಷ ದೂರದ ಈ ಕುಬ್ಜ ಗೆಲಾಕ್ಸಿಯ ಅನಿಲ ಅದರ ಬೆಳಕಿನ ವಿಸ್ತಾರದ ಎಂಟು ಪಟ್ಟಿಗೂ ಮಿಕ್ಕಿ ಹರಡಿದೆ, ಅಷ್ಟು ದೂರದಲ್ಲಿಯೂ ವೇಗ ಇಳಿಯುವ ಲಕ್ಷಣವಿಲ್ಲ.

ಆದರೆ ತಿರುಗುವ ವೇಗವೊಂದೇ ಪ್ರಭಾವಳಿಯ ಆಕಾರವನ್ನು ಹೇಳಲಾರದು. ಒಂದು ವೃತ್ತದ ಒಳಗೆ ಎಷ್ಟು ದ್ರವ್ಯವಿದೆಯೆಂದು ಅದು ಹೇಳಬಲ್ಲುದೇ ಹೊರತು, ಆ ದ್ರವ್ಯ ಗೋಲವಾಗಿ ಹರಡಿದೆಯೋ ಚಪ್ಪಟೆಯಾಗಿ ಕೂತಿದೆಯೋ ಎಂಬುದನ್ನು ಬೇರ್ಪಡಿಸಿ ಹೇಳುವುದಿಲ್ಲ. ಇಲ್ಲಿ ನೆರವಿಗೆ ಬರುವುದು ಅನಿಲದ ಪದರದ ದಪ್ಪ. ಅನಿಲದ ಮೋಡಗಳಿಗೆ ಸೆಕೆಂಡಿಗೆ ಎಂಟು ಹತ್ತು ಕಿಲೋಮೀಟರ್‌ಗಳಷ್ಟು ಅಡ್ಡಾದಿಡ್ಡಿ ವೇಗವಿದ್ದು, ಅದು ಪದರವನ್ನು ಮೇಲಕ್ಕೂ ಕೆಳಕ್ಕೂ ಉಬ್ಬಿಸಲು ಯತ್ನಿಸುತ್ತದೆ. ಫಲಕದ ನಕ್ಷತ್ರಗಳ ಮತ್ತು ಪ್ರಭಾವಳಿಯ ಗುರುತ್ವ ಅದನ್ನು ಸಮತಲದ ಕಡೆಗೆ ಒತ್ತಿಹಿಡಿಯುತ್ತದೆ. ಹೊರಕ್ಕೆ ಹೋದಂತೆ ನಕ್ಷತ್ರಗಳು ವಿರಳವಾಗಿ ಒತ್ತಡ ಸಡಿಲಿಸುವುದರಿಂದ ಪದರ ಅಗಲವಾಗಿ ತೆರೆದುಕೊಳ್ಳುತ್ತದೆ, ಆ ತೆರೆಯುವಿಕೆ ಎಷ್ಟಿರಬೇಕೆಂಬುದನ್ನು ಅಲ್ಲಿ ನಿರ್ಧರಿಸುವುದು ಬಹುಮಟ್ಟಿಗೆ ಕಪ್ಪುದ್ರವ್ಯವೊಂದೇ. ಪ್ರಭಾವಳಿ ಚಪ್ಪಟೆಯಾಗಿದ್ದರೆ ಸಮತಲದ ಬಳಿ ಹೆಚ್ಚು ದ್ರವ್ಯವಿದ್ದು ಅನಿಲವನ್ನು ಬಿಗಿಯಾಗಿ ಹಿಡಿಯುತ್ತದೆ, ದುಂಡಾಗಿದ್ದರೆ ಪದರ ಹೆಚ್ಚು ಉಬ್ಬುತ್ತದೆ. ಹೀಗೆ ವೇಗ ಮತ್ತು ದಪ್ಪ ಎಂಬ ಎರಡು ಅಳತೆಗಳು ಸೇರಿ ಪ್ರಭಾವಳಿಯ ಒಟ್ಟು ದ್ರವ್ಯವನ್ನೂ ಆಕಾರವನ್ನೂ ಒಟ್ಟಿಗೆ ಹಿಡಿಯುತ್ತವೆ.

ಈ ವಿಧಾನವನ್ನು ಬೆಳೆಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಚಂದಾ ಜೋಗ್ ಮತ್ತು ಅವರ ವಿದ್ಯಾರ್ಥಿಗಳಿಗೆ ವಿಶೇಷವಾದ ಸ್ಥಾನವಿದೆ. ನಕ್ಷತ್ರಗಳು ಮತ್ತು ಅನಿಲ ಒಂದರ ಗುರುತ್ವಕ್ಕೆ ಇನ್ನೊಂದು ಒಳಪಟ್ಟು ವರ್ತಿಸುತ್ತವೆಯಾದ್ದರಿಂದ ಫಲಕವನ್ನು ಒಂದೇ ವಸ್ತುವೆಂದು ಎಣಿಸಬಾರದೆಂಬ ನಿಲುವನ್ನು ಜೋಗ್ 1984ರಲ್ಲಿ ಫಿಲಿಪ್ ಸಾಲಮನ್ ಅವರೊಂದಿಗೆ ಬರೆದ ಪ್ರಬಂಧಗಳಿಂದಲೇ ಪ್ರತಿಪಾದಿಸುತ್ತ ಬಂದಿದ್ದರು. ಅರುಣಿಮಾ ಬ್ಯಾನರ್ಜಿ ಮತ್ತು ಜೋಗ್ 2008ರಲ್ಲಿ ದೇವಯಾನಿಗೆ ಈ ಲೆಕ್ಕವನ್ನು ಅನ್ವಯಿಸಿದಾಗ, ಅದರ ಪ್ರಭಾವಳಿಯ ಎತ್ತರ ಅಗಲದ 0.4ರಷ್ಟು ಮಾತ್ರ ಇರುವ, ಸ್ಪಷ್ಟವಾಗಿ ಚಪ್ಪಟೆಯಾದ ಆಕಾರ ಹೊರಬಂದಿತು. ಬಳಿಕ ಯುಜಿಸಿ 7321 ಎಂಬ, ಉದ್ದದ ಹತ್ತನೆಯ ಒಂದು ಪಾಲಿಗಿಂತಲೂ ತೆಳುವಾಗಿ ಅಂಚಿನಿಂದ ಕಾಣುವ ಗೆಲಾಕ್ಸಿಯಲ್ಲಿ ಪ್ರಭಾವಳಿ ಸಾಂದ್ರವೂ ಕೇಂದ್ರಕ್ಕೆ ಒತ್ತಾಗಿಯೂ ಇದ್ದು, ಒಳಗಿನಿಂದ ಹೊರಗಿನವರೆಗೂ ಅದೇ ಪ್ರಬಲವೆಂದು ಅವರು ಲಿನ್ ಮ್ಯಾಥ್ಯೂಸ್ ಅವರೊಂದಿಗೆ ತೋರಿಸಿದರು. ಆ ಫಲಕ ಅಷ್ಟು ತೆಳುವಾಗಿ ಉಳಿದಿರುವುದಕ್ಕೆ ಆ ಪ್ರಭಾವಳಿಯೇ ಮುಖ್ಯ ಕಾರಣ.

ಆಕಾಶಗಂಗೆಯ ವಿಷಯದಲ್ಲಿ ಇಷ್ಟು ನಿಚ್ಚಳವಾದ ಚಿತ್ರ ಇನ್ನೂ ದೊರೆತಿಲ್ಲ, ಅದರ ಒಳಗೆ ಕುಳಿತು ಅದನ್ನು ನೋಡಬೇಕಾಗಿರುವುದೇ ಅದಕ್ಕೆ ಒಂದು ಕಾರಣ. 1994ರಲ್ಲಿ ಪತ್ತೆಯಾದ ಧನು ಕುಬ್ಜ ಗೆಲಾಕ್ಸಿಯು ಆಕಾಶಗಂಗೆಯ ಗುರುತ್ವದಿಂದ ಹರಿದು, ಅದರ ನಕ್ಷತ್ರಗಳು ಆಕಾಶದುದ್ದಕ್ಕೂ ಹೊಳೆಯಂತೆ ಸಾಗಿವೆ. ಆ ಹೊಳೆಯ ದಾರಿಯಿಂದ ಪ್ರಭಾವಳಿಯ ಆಕಾರವನ್ನು ಕಂಡುಹಿಡಿಯಲು ಹೊರಟ ಬೇರೆಬೇರೆ ಅಧ್ಯಯನಗಳು ಚಪ್ಪಟೆ, ನೀಳ, ಮೂರು ಅಕ್ಷಗಳೂ ಅಸಮ ಎಂಬ ಮೂರು ಉತ್ತರಗಳನ್ನು ಕೊಟ್ಟಿವೆ. ಹಿರಿಯ ಮೆಗಲನ್ ಮೋಡದ ಗುರುತ್ವವೂ ಆ ಹೊಳೆಯನ್ನು ಎಳೆಯುತ್ತಿದೆಯೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಈ ಭಿನ್ನಾಭಿಪ್ರಾಯದ ಒಂದು ಭಾಗ ಅರ್ಥವಾಗತೊಡಗಿದೆ.

ಪ್ರಭಾವಳಿಯಲ್ಲಿ ಇರುವುದಾದರೂ ಏನು? ಆರಿದ ನಕ್ಷತ್ರಗಳು, ಕಪ್ಪುಕುಳಿಗಳು ಮೊದಲಾದ ಸಾಮಾನ್ಯ ಕಾಯಗಳೇ ಇರಬಹುದೆಂಬ ಊಹೆಯನ್ನು ಪರೀಕ್ಷಿಸಲು ಹಿರಿಯ ಮೆಗಲನ್ ಮೋಡದ ಲಕ್ಷಾಂತರ ನಕ್ಷತ್ರಗಳನ್ನು ವರ್ಷಗಟ್ಟಲೆ ಗಮನಿಸಲಾಯಿತು. ಅಂಥ ಕಾಯವೊಂದು ಅಡ್ಡಬಂದರೆ ಅದರ ಗುರುತ್ವ ಹಿಂದಿನ ನಕ್ಷತ್ರದ ಬೆಳಕನ್ನು ಕೆಲಕಾಲ ಹೆಚ್ಚಿಸುತ್ತದೆ. ಗ್ರಹಗಳಷ್ಟು ತೂಕದಿಂದ ಸೂರ್ಯನಷ್ಟು ತೂಕದವರೆಗಿನ ಕಾಯಗಳು ಪ್ರಭಾವಳಿಯ ಶೇ. 8ಕ್ಕಿಂತ ಹೆಚ್ಚಿರಲಾರವೆಂದು ಈ ವೀಕ್ಷಣೆ ನಡೆಸಿದ ಇರೋಸ್ ತಂಡ 2007ರಲ್ಲಿ ತೀರ್ಮಾನಿಸಿತು. ಹಾಗಾಗಿ ಉಳಿದ ದಾರಿ ಪರಮಾಣುಗಳಿಂದಾಗದ ಕಣಗಳದ್ದು. ಆ ದಿಕ್ಕಿನ ಮೊದಲ ಚಿಂತನೆಗಳಲ್ಲಿ, ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನಿರ್ದೇಶಕರಾದ ರಮಾನಾಥ ಕೌಶಿಕ್ ಅವರು ಮೆಕ್ಲೆಲಂಡ್ ಅವರೊಂದಿಗೆ 1973ರಲ್ಲಿ ಪ್ರಕಟಿಸಿದ, ತೂಕವುಳ್ಳ ನ್ಯೂಟ್ರಿನೊಗಳು ಗೆಲಾಕ್ಸಿ ಗುಚ್ಛಗಳನ್ನು ಹಿಡಿದಿಟ್ಟಿರಬಹುದೆಂಬ ಸೂಚನೆಯೂ ಸೇರಿದೆ. ಹಗುರವಾದ ನ್ಯೂಟ್ರಿನೊಗಳು ಅತಿವೇಗದಿಂದ ಓಡುವುದರಿಂದ ಚಿಕ್ಕ ಗೆಲಾಕ್ಸಿಗಳು ರೂಪುಗೊಳ್ಳಲು ಬಿಡಲಾರವೆಂದು ತಿಳಿದ ಮೇಲೆ ಗಮನ ನಿಧಾನವಾಗಿ ಚಲಿಸುವ, ತಂಪಾದ ಕಣಗಳ ಕಡೆಗೆ ಹೊರಳಿತು. ಅವುಗಳಿಗಾಗಿ ಭೂಮಿಯ ಆಳದ ಪ್ರಯೋಗಶಾಲೆಗಳಲ್ಲಿ ನಡೆದಿರುವ ಹುಡುಕಾಟದಲ್ಲಿ ಇದುವರೆಗೂ ಎಲ್ಲರೂ ಒಪ್ಪುವ ಫಲ ದೊರೆತಿಲ್ಲ.

ಕಣವೇ ಬೇಡ, ಗುರುತ್ವದ ನಿಯಮವನ್ನೇ ತಿದ್ದಬೇಕು ಎಂಬುದು ಬ್ಯಾಬ್‌ಕಾಕ್‌ನ ಎರಡನೆಯ ದಾರಿಗೆ ಹತ್ತಿರವಾದ ನಿಲುವು. ಇಸ್ರೇಲಿನ ಮೊರ್ಡೆಹಾಯ್ ಮಿಲ್ಗ್ರಾಮ್ 1983ರಲ್ಲಿ, ವೇಗೋತ್ಕರ್ಷ ಅತಿ ಕಡಿಮೆಯಾದ ಪ್ರದೇಶಗಳಲ್ಲಿ ನ್ಯೂಟನ್ನನ ನಿಯಮ ಬದಲಾಗುತ್ತದೆಂದು ಸೂಚಿಸಿದರು. ಒಂದೊಂದು ಸುರುಳಿಯ ವೇಗವನ್ನೂ ಕಾಣುವ ದ್ರವ್ಯದಿಂದಲೇ ಮುಂಚಿತವಾಗಿ ಹೇಳುವುದರಲ್ಲಿ ಈ ಸೂತ್ರ ಪಡೆದಿರುವ ಯಶಸ್ಸನ್ನು ಕಡೆಗಣಿಸುವುದು ನ್ಯಾಯವಲ್ಲ. ಗೆಲಾಕ್ಸಿ ಗುಚ್ಛಗಳಲ್ಲಿ ಮತ್ತು ವಿಶ್ವದ ಆದಿಯ ಬೆಳಕಿನಲ್ಲಿ ಅದು ಸೋಲುತ್ತದೆಂಬುದರಿಂದ ಬಹುಸಂಖ್ಯೆಯ ಖಗೋಳಜ್ಞರು ಕಪ್ಪುದ್ರವ್ಯದ ಪಕ್ಷದಲ್ಲಿದ್ದಾರೆ, ಆ ಆಯ್ಕೆ ಸರಿಯೆಂದೇ ತೋರುತ್ತದೆ. ಆದರೂ ಕಪ್ಪುದ್ರವ್ಯದ ಪಕ್ಷಕ್ಕೂ ನೆರೆಯ ಕುಬ್ಜ ಗೆಲಾಕ್ಸಿಗಳು ಸುಲಭದ ಉತ್ತರ ಕೊಟ್ಟಿಲ್ಲ. ತಂಪಾದ ಕಣಗಳ ಪ್ರಭಾವಳಿ ಕೇಂದ್ರದಲ್ಲಿ ಮೊನಚಾಗಿ ದಟ್ಟವಾಗಬೇಕೆಂದು ಗಣಕಯಂತ್ರದ ಮಾದರಿಗಳು ಹೇಳಿದರೆ, ಅನೇಕ ಕುಬ್ಜಗಳ ವೇಗಗಳು ಅಲ್ಲಿ ಸಾಂದ್ರತೆ ಸಮನಾಗಿ ಹರಡಿರುವುದನ್ನು ತೋರಿಸುತ್ತವೆ. ಸಿಡಿಯುವ ನಕ್ಷತ್ರಗಳು ಅನಿಲವನ್ನು ಮತ್ತೆಮತ್ತೆ ಹೊರದೂಡುವಾಗ ಕೇಂದ್ರದ ಕಪ್ಪುದ್ರವ್ಯವೂ ಸಡಿಲಗೊಳ್ಳುತ್ತದೆ ಎಂಬುದು ಒಂದು ಸಮಾಧಾನ, ಕಣಗಳು ಪರಸ್ಪರ ಡಿಕ್ಕಿ ಹೊಡೆಯುತ್ತವೆ ಎಂಬುದು ಡೇವಿಡ್ ಸ್ಪರ್ಗಲ್ ಮತ್ತು ಪಾಲ್ ಸ್ಟೈನ್‌ಹಾರ್ಟ್ 2000ದಲ್ಲಿ ಮುಂದಿಟ್ಟ ಇನ್ನೊಂದು ಸಮಾಧಾನ.

ಆಕಾರದ ಪ್ರಶ್ನೆಯ ತೂಕ ತಿಳಿಯುವುದು ಇಲ್ಲಿ. ಡಿಕ್ಕಿ ಹೊಡೆಯುವ ಕಣಗಳು ತಮ್ಮ ಚಲನೆಯನ್ನು ಎಲ್ಲ ದಿಕ್ಕುಗಳಿಗೂ ಹಂಚಿಕೊಳ್ಳುವುದರಿಂದ ಪ್ರಭಾವಳಿಯ ಒಳಭಾಗ ದುಂಡಾಗುವ ಪ್ರವೃತ್ತಿಯಿರುತ್ತದೆ. ಡಿಕ್ಕಿಯಿಲ್ಲದ ತಂಪಾದ ಕಣಗಳ ಪ್ರಭಾವಳಿ ಅಸಮವಾಗಿಯೂ ಚಪ್ಪಟೆಯಾಗಿಯೂ ಉಳಿಯಬಲ್ಲುದು. ದೇವಯಾನಿಗೆ ದೊರೆತ 0.4 ಎಂಬ ಅನುಪಾತ ಮಾದರಿಗಳಲ್ಲಿ ಕಾಣುವ ಚಪ್ಪಟೆತನದ ಕೊನೆಯ ತುದಿಗೆ ಸೇರಿದುದು. ಅದೊಂದು ಗೆಲಾಕ್ಸಿಯ ವೈಶಿಷ್ಟ್ಯವೋ, ದೊಡ್ಡ ಸುರುಳಿಗಳ ಸಾಮಾನ್ಯ ಗುಣವೋ ಎಂಬುದು ತಿಳಿಯಬೇಕಾದರೆ ಇಂಥ ಅಳತೆ ಬೇರೆ ಹಲವು ಗೆಲಾಕ್ಸಿಗಳಲ್ಲಿ ನಡೆಯಬೇಕು. ದೇವಯಾನಿಯ ಫಲಕ ನೋಟಕ್ಕೆ ಪೂರ್ತಿ ಅಂಚಾಗಿರದೆ ಸುಮಾರು 77 ಡಿಗ್ರಿ ಓರೆಯಾಗಿದೆ, ಅದರ ಹೊರ ಅನಿಲ ಬಾಗಿಯೂ ಇದೆ. ಆದ್ದರಿಂದ ಅಲ್ಲಿ ಪದರದ ದಪ್ಪವನ್ನು ನೇರವಾಗಿ ನೋಡದೆ ಮಾದರಿಯ ಮೂಲಕ ಪಡೆಯಬೇಕಾಗುತ್ತದೆ. ಪೂರ್ತಿ ಅಂಚಿನಿಂದ ಕಾಣುವ ನೆರೆಯ ಗೆಲಾಕ್ಸಿಗಳಲ್ಲಿ ದಪ್ಪ ನೇರವಾಗಿಯೇ ಕಾಣುತ್ತದೆ, ಆದರೆ ಅಲ್ಲಿ ಅನಿಲದ ಹೊರ ತೆಳುಭಾಗದ ರೇಡಿಯೋ ಸಂಕೇತ ಅತಿ ಕ್ಷೀಣ. ಆ ಕ್ಷೀಣ ಸಂಕೇತವನ್ನು ಸೂಕ್ಷ್ಮವಾದ ವಿವರದೊಂದಿಗೆ ಹಿಡಿಯುವುದು, ಭಾರತವೂ ಪಾಲುದಾರನಾಗಿ ಆಸ್ಟ್ರೇಲಿಯಾ ಮತ್ತು ದಕ್ಷಿಣ ಆಫ್ರಿಕಾಗಳಲ್ಲಿ ಕಟ್ಟಲಾಗುತ್ತಿರುವ ಸ್ಕ್ವೇರ್ ಕಿಲೋಮೀಟರ್ ಅರೇ ರೇಡಿಯೋ ದೂರದರ್ಶಕದ ಕೆಲಸಗಳಲ್ಲಿ ಒಂದು.